ಬರೀ 'ಸೆಟ್' ಅಂತ ಇದ್ದರೆ ಕನ್ನಡದಲ್ಲಿ ಏನು ಹಾಕೋದು?

ಪದಕೂಲಿ

ಎಲ್ಲರಿಗೂ ನಮಸ್ಕಾರ. ಒಂದು ಮೊಬೈಲ್ ಆ್ಯಪ್‌ಗೆ ಕನ್ನಡ ಅನುವಾದ ಮಾಡುತ್ತಿದ್ದೇನೆ. ಆ್ಯಪ್ ಮಾಡಿದವರು ಉದ್ದದ ಪಟ್ಟಿ ಕಳಿಸಿದ್ದಾರೆ. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ ಜಾಗ. ಹೆಚ್ಚಿನ ಸಾಲುಗಳು ಸಲೀಸಾಗಿ ಮುಗಿದವು. ಒಂದು ಕಡೆ ಬಂದು ನಿಂತುಬಿಟ್ಟಿದ್ದೇನೆ. ಅಲ್ಲಿ ಇರೋದು ಬರೀ 'ಸೆಟ್'. ಹಿಂದೆ ಮುಂದೆ ಏನೂ ಇಲ್ಲ. ಅದು ಒತ್ತುವ ಗುಂಡಿಯೋ, ತಲೆಬರಹವೋ, 'ಕೆಲಸ ಆಯ್ತು' ಅಂತ ಹೇಳುವ ಸಂದೇಶವೋ ತಿಳಿಯುತ್ತಿಲ್ಲ.

ಇಂಗ್ಲಿಷಿನವರಿಗೆ ಇದರಲ್ಲಿ ತಲೆನೋವೇ ಇಲ್ಲ. ಮಾಡು ಅಂದರೂ ಸೆಟ್, ಮಾಡಿದೆ ಅಂದರೂ ಸೆಟ್, ಮಾಡಿ ಆಗಿದೆ ಅಂದರೂ ಸೆಟ್. ಗುಂಪಿಗೂ ಸೆಟ್. ಶಾಲೆಯಲ್ಲಿ 'ಕಟ್ ಕಟ್ ಕಟ್, ಪುಟ್ ಪುಟ್ ಪುಟ್, ಸೆಟ್ ಸೆಟ್ ಸೆಟ್' ಅಂತ ಬಾಯಿಪಾಠ ಮಾಡುವಾಗ ಇದೊಂದು ಸುಲಭ ಅಂತ ಖುಷಿಪಟ್ಟಿದ್ದೆವು ಅಲ್ವಾ? ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗಲ್ಲ. ಕ್ರಿಯಾಪದ ಬಂತು ಅಂದರೆ ಯಾರು, ಯಾವಾಗ ಅಂತ ಹೇಳಲೇಬೇಕು.

ಆ್ಯಪ್‌ನವರಿಗೆ ಮೇಲ್ ಹಾಕಿದ್ದೇನೆ. ಉತ್ತರ ಬಂದಿಲ್ಲ. ಅಷ್ಟರಲ್ಲಿ ನೀವೇನಾದರೂ ಹೇಳಿ.

ತಿಂಡಿಪೋತ

ಮೂರು ದೋಸೆ, ಜೊತೆಗೆ ಸಾಗು. ಮುಗೀತು.

ಮಲ್ಲೇಶ್ವರದವನು

'ಹೊಂದಿಸು' ಅಂತ ಹಾಕಿ. ಎಲ್ಲ ಫೋನುಗಳಲ್ಲೂ ಸೆಟ್ಟಿಂಗ್ಸ್‌ಗೆ 'ಹೊಂದಿಕೆಗಳು' ಅಂತಲೋ 'ಸೆಟ್ಟಿಂಗ್‌ಗಳು' ಅಂತಲೋ ಇರುತ್ತದೆ. ಜನಕ್ಕೆ ಅಭ್ಯಾಸ ಆಗಿದೆ.

ಹಳೇ ನಿಘಂಟು

ಅವಸರ ಮಾಡಬೇಡಿ. ಈ ಪದ ಎಂಥೆಂಥವರನ್ನೋ ಸುಸ್ತು ಮಾಡಿದೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ ಬಂತು, 20 ಸಂಪುಟ. ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು 'ಸೆಟ್' ಪದದ್ದೇ. ಕ್ರಿಯಾಪದವೊಂದಕ್ಕೇ 430 ಅರ್ಥ. ಸೆಟ್ ಅಪ್, ಸೆಟ್ ಆಫ್ ಥರದ ಜೋಡಿಗಳನ್ನೂ ನುಡಿಗಟ್ಟುಗಳನ್ನೂ ಸೇರಿಸಿದರೆ ಸುಮಾರು 580. ಅಷ್ಟನ್ನೂ ವಿವರಿಸಲು ಹಿಡಿದದ್ದು ಸುಮಾರು 60,000 ಪದ. ಒಂದು ಪದಕ್ಕೆ ಒಂದು ಸಣ್ಣ ಕಾದಂಬರಿಯಷ್ಟು.

ಆಮೇಲೆ ಮೂರನೇ ಆವೃತ್ತಿಗೆ ಪರಿಷ್ಕರಣೆ ಶುರುವಾಯಿತು. ಅದನ್ನು 'ಎ'ಯಿಂದ ಅಲ್ಲ, 'ಎಂ'ನಿಂದ ಶುರು ಮಾಡಿದರು. 2000ದಲ್ಲಿ 'ಮೇಕ್' ಮುಂದೆ ಹೋಯಿತು, 2007ರಲ್ಲಿ 'ಪುಟ್', 2011ರಲ್ಲಿ 'ರನ್'. ರನ್ ಕ್ರಿಯಾಪದಕ್ಕೆ 645 ಅರ್ಥ ಲೆಕ್ಕ ಹಾಕಿದ್ದಾರೆ. ಆ ಪದವನ್ನು ಪರಿಷ್ಕರಿಸಿದ ಪೀಟರ್ ಗಿಲಿವರ್ ಅವರಿಗೆ ಅದೊಂದಕ್ಕೇ ಒಂಬತ್ತು ತಿಂಗಳು ಹಿಡಿಯಿತು.

ಹಾಗಾಗಿ 'ಅತಿ ಹೆಚ್ಚು ಅರ್ಥ ಇರುವ ಇಂಗ್ಲಿಷ್ ಪದ ಸೆಟ್' ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವುದು ಹಳೇ ಲೆಕ್ಕ.

ಮಲ್ಲೇಶ್ವರದವನು

430 ಅಂತ ಎಣಿಸೋದು ಹೇಗೆ? ಗಡಿಯಾರ ಸೆಟ್ ಮಾಡೋದು, ಅಲಾರಂ ಸೆಟ್ ಮಾಡೋದು ಎರಡು ಅರ್ಥವೋ ಒಂದೋ?

ಹಳೇ ನಿಘಂಟು

ಒಳ್ಳೇ ಪ್ರಶ್ನೆ. ಅದು ನಿಘಂಟು ಮಾಡುವವರ ಕೈಯಲ್ಲಿದೆ. ಕೆಲವರು ಕೂದಲು ಸೀಳುತ್ತಾರೆ, ಕೆಲವರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಆಕ್ಸ್‌ಫರ್ಡ್‌ನವರದ್ದು ಸೀಳುವ ದಾರಿ. ಅವರು ಕೂತು ಊಹಿಸಿ ಅರ್ಥ ಬರೆಯುವವರಲ್ಲ. ಮೊದಲ ಆವೃತ್ತಿಯ ಸಂಪಾದಕ ಜೇಮ್ಸ್ ಮರ‍್ರೆ ತಮ್ಮ ಮನೆಯ ತೋಟದಲ್ಲಿ ತಗಡಿನ ಶೆಡ್ ಕಟ್ಟಿಸಿಕೊಂಡು, ಅದಕ್ಕೆ ಸ್ಕ್ರಿಪ್ಟೋರಿಯಂ ಅಂತ ಹೆಸರಿಟ್ಟಿದ್ದರು. ಹವ್ಯಾಸಿ ಓದುಗರು ಪುಸ್ತಕ ಓದಿ, ಒಂದೊಂದು ಪದ ಬಳಕೆಯಾದ ವಾಕ್ಯವನ್ನು ಚೀಟಿಯಲ್ಲಿ ಬರೆದು ಅಲ್ಲಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಆ ಚೀಟಿಗಳನ್ನು ಗೂಡುಗಳಲ್ಲಿ ವಿಂಗಡಿಸಿ ಇಡುವುದು. ಒಂದು ಚೀಟಿ ಹಳೇ ಗೂಡಿಗೆ ಸೇರದಿದ್ದರೆ ಹೊಸ ಅರ್ಥ ಹುಟ್ಟಿತು ಅಂತ. ಮೊದಲ ಕಂತು 1884ರಲ್ಲಿ ಬಂತು, ಕೆಲಸ ಮುಗಿದದ್ದು 1928ರಲ್ಲಿ. ಮರ‍್ರೆ 1915ರಲ್ಲೇ ತೀರಿಕೊಂಡಿದ್ದರು.

ಸೈಟ್ ಇಂಜಿನಿಯರು

ನಮ್ಮಲ್ಲಿ ಈ ಪದಕ್ಕೆ ಒಂದೇ ಅರ್ಥ, ಅದೂ ನಿಮಿಷದ ಲೆಕ್ಕದಲ್ಲಿ.

ಸಿಮೆಂಟಿಗೆ ನೀರು ಬೆರೆಸಿದ ಮೇಲೆ ಅದು ಮೆತ್ತಗಿರುವಷ್ಟು ಹೊತ್ತು ಕೆಲಸ ಮಾಡಬಹುದು. ಆಮೇಲೆ ಬಿಗಿಯುತ್ತದೆ. ಅದೇ ಸೆಟ್ಟಿಂಗ್. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ನಮ್ಮ ಭಾರತೀಯ ಮಾನಕದ ಪ್ರಕಾರ ಮೊದಲ ಸೆಟ್ಟಿಂಗ್ 30 ನಿಮಿಷಕ್ಕಿಂತ ಬೇಗ ಆಗಬಾರದು, ಕೊನೆಯ ಸೆಟ್ಟಿಂಗ್ 600 ನಿಮಿಷ ದಾಟಬಾರದು. ಲ್ಯಾಬಿನಲ್ಲಿ ನೋಡೋದು ವಿಕಾ ಉಪಕರಣದಿಂದ. ಚಿಕ್ಕ ಅಚ್ಚಿನಲ್ಲಿ ಸಿಮೆಂಟ್ ಗಸಿ ತುಂಬಿ, ಅದರ ಮೇಲೆ ಸೂಜಿ ಇಳಿಬಿಡುತ್ತಾರೆ. ಮೊದಮೊದಲು ಸೂಜಿ ಬೆಣ್ಣೆಗೆ ಇಳಿದ ಹಾಗೆ ತಳ ಮುಟ್ಟುತ್ತದೆ. ಸ್ವಲ್ಪ ಹೊತ್ತಿನ ಮೇಲೆ ತಳಕ್ಕೆ 5 ಮಿಲಿಮೀಟರ್ ಇರುವಾಗಲೇ ನಿಂತುಬಿಡುತ್ತದೆ. ಅಲ್ಲಿಗೆ ಮೊದಲ ಸೆಟ್ಟಿಂಗ್ ಆಯಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳೋದು.

ತುಂಬಾ ಜನ 'ಸೆಟ್ ಆಯ್ತು' ಅಂದರೆ ಗಟ್ಟಿ ಆಯ್ತು ಅಂದುಕೊಳ್ಳುತ್ತಾರೆ. ಅಲ್ಲ. ಸೆಟ್ ಆಗೋದು ಬೇರೆ, ಗಟ್ಟಿ ಆಗೋದು ಬೇರೆ. ಸೆಟ್ ಅಂದರೆ ಇನ್ನು ಆಕಾರ ಬದಲಾಗಲ್ಲ ಅಂತ ಮಾತ್ರ. ಬಲ ಬರೋದು ಆಮೇಲೆ, ದಿನಗಟ್ಟಲೆ ನೀರು ಕುಡಿಸಿದ ಮೇಲೆ. ಅದಕ್ಕೇ 28ನೇ ದಿನದ ಪರೀಕ್ಷೆ ಅಂತ ಇರೋದು. ಬೆಳಿಗ್ಗೆ ಪ್ಲಾಸ್ಟರ್ ಮಾಡಿ 'ಸೆಟ್ ಆಗಿದೆ ಬಿಡಿ ಸಾರ್' ಅಂತ ಸಂಜೆ ನೀರು ಹಾಕದೆ ಹೋದ ಮೇಸ್ತ್ರಿಗಳನ್ನು ನೋಡಿದ್ದೇನೆ. ಗೋಡೆ ಬಿರುಕು ಬಿಟ್ಟ ಮೇಲೆ ಜಗಳ.

ಇನ್ನೊಂದು ವಿಷಯ. ಸಿಮೆಂಟ್ ಮಾಡುವಾಗ ಕ್ಲಿಂಕರ್, ಅಂದರೆ ಗೂಡಿನಲ್ಲಿ ಸುಟ್ಟ ಗಟ್ಟಿ ಉಂಡೆಗಳ ಜೊತೆ ಸ್ವಲ್ಪ ಜಿಪ್ಸಂ ಹಾಕಿ ಅರೆಯುತ್ತಾರೆ. ಅದು ಬೇಗ ಸೆಟ್ ಆಗದಿರಲಿ ಅಂತ. ಜಿಪ್ಸಂ ಇಲ್ಲದಿದ್ದರೆ ನೀರು ಹಾಕಿದ ಕೂಡಲೇ ಬಾಣಲಿಯಲ್ಲೇ ಬಿಗಿದುಕೊಳ್ಳುತ್ತದೆ.

ತಾಯ್ನುಡಿ ಮೊದಲು

ಇಷ್ಟೆಲ್ಲ ಚರ್ಚೆ ಯಾಕೆ? 'ಸೆಟ್' ನಮ್ಮದೇ ಪದ. 'ಸೆಟೆ' ಅಂದರೆ ಬಿಗಿಯಾಗು, ಗಟ್ಟಿಯಾಗು. ಸೆಟೆದು ನಿಂತ ಅಂತೀವಲ್ಲ. ಮೇಲೆ ಇಂಜಿನಿಯರು ಹೇಳಿದ್ದೂ ಅದೇ ಅರ್ಥ. ಬ್ರಿಟಿಷರು ಇಲ್ಲಿಂದ ತೆಗೆದುಕೊಂಡು ಹೋಗಿದ್ದಾರೆ.

ಹಳೇ ನಿಘಂಟು

ಬ್ರಿಟಿಷರು ಇಲ್ಲಿಂದ ಎಷ್ಟೋ ಹೊತ್ತುಕೊಂಡು ಹೋದರು. ಇದೊಂದನ್ನು ಹೊತ್ತಿಲ್ಲ. ಅವರು ಇಲ್ಲಿಗೆ ಹಡಗು ಹತ್ತುವ ಮೊದಲು, ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲೇ 'ಸೆಟ್ಟನ್' ಅಂತ ಈ ಕ್ರಿಯಾಪದ ಇದೆ. ಜರ್ಮನ್ನಿನಲ್ಲಿ 'ಸೆಟ್ಸೆನ್', ಡಚ್ಚಿನಲ್ಲಿ 'ಝೆಟ್ಟೆನ್'. ಒಂದೇ ಮನೆಯ ಮಕ್ಕಳು. ಸೆಟೆ ಜೊತೆ ಹೋಲಿಕೆ ಬರೀ ಕಾಕತಾಳೀಯ.

ಆದರೆ ಇದರ ಹುಟ್ಟು ಕನ್ನಡದವರಿಗೆ ಬಲು ಬೇಗ ಅರ್ಥವಾಗುವಂಥದ್ದು. 'ಸಿಟ್' ಅಂದರೆ ಕೂರು. 'ಸೆಟ್' ಅಂದರೆ ಕೂರಿಸು. ಅಷ್ಟೇ! ನಾವು '-ಇಸು' ಹಚ್ಚಿ ಮಾಡುವ ಕೆಲಸವನ್ನು ಅವರ ಪೂರ್ವಜರು ಸ್ವರ ಬದಲಿಸಿ ಮಾಡುತ್ತಿದ್ದರು. 'ಫಾಲ್' ಬೀಳು, 'ಫೆಲ್' ಅಂದರೆ ಮರ ಬೀಳಿಸು. 'ಲೈ' ಮಲಗು, 'ಲೇ' ಮಲಗಿಸು. ಈಗ ಆ ಯಂತ್ರ ಕೆಟ್ಟುಹೋಗಿದೆ, ಹಳೇ ಜೋಡಿಗಳು ಮಾತ್ರ ಉಳಿದಿವೆ.

ಕೂರುವುದಕ್ಕೆ ಸಂಸ್ಕೃತದ 'ಸದ್' ಧಾತು ಇದೆಯಲ್ಲ, ಅದೂ ಇದೇ ಬಳಗದ್ದು. ಸದನ, ಪರಿಷತ್ತು, ಉಪನಿಷತ್ತು ಎಲ್ಲ ಅಲ್ಲಿಂದ ಬಂದವು. ಹಾಗಾಗಿ ವಿಧಾನ ಪರಿಷತ್ತಿಗೂ ಬಿಗಿದ ಸಿಮೆಂಟಿಗೂ ದೂರದ ನೆಂಟಸ್ತನ ಇದೆ.

ತಾಯ್ನುಡಿ ಮೊದಲು

ಎಲ್ಲವನ್ನೂ ಸಂಸ್ಕೃತದ ಬಾಗಿಲಿಗೆ ತಂದು ನಿಲ್ಲಿಸೋದು ನಿಮ್ಮ ಹಳೇ ಚಾಳಿ.

ಗೊಂಬೆಮನೆ

'ಕೂರಿಸು' ಅಂದಿದ್ದು ಕೇಳಿ ತಲೆ ಓಡತೊಡಗಿತು.

ನಮ್ಮ ಮೈಸೂರಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಚೌತಿಗೆ ಗಣಪತಿ ಕೂರಿಸುತ್ತೇವೆ. ಅಕ್ಕಸಾಲಿಗರು ಓಲೆಗೆ ಹರಳು ಕೂರಿಸುತ್ತಾರೆ, ಇಂಗ್ಲಿಷಿನಲ್ಲಿ ಅದೂ ಸೆಟ್. ಕೈ ಮುರಿದರೆ ಮೂಳೆ ಕೂರಿಸುತ್ತಾರೆ, ಸೆಟ್. ಕೋಳಿಯನ್ನು ಕಾವಿಗೆ ಕೂರಿಸೋದು, ಅದೂ ಸೆಟ್! ರವಿಕೆ ಹೊಲಿದ ಮೇಲೆ 'ಭುಜದ ಹತ್ರ ಚೆನ್ನಾಗಿ ಕೂತಿದೆ' ಅಂತೀವಿ.

ನೋಡಿದರೆ ಆ 430ರಲ್ಲಿ ಅರ್ಧ 'ಕೂರಿಸು' ಒಂದರಲ್ಲೇ ಬರುತ್ತೇನೋ.

ಹಳೇ ನಿಘಂಟು

ಅರ್ಧ ಅನ್ನೋದು ಧಾರಾಳವಾಯಿತು. ಆದರೆ ಬೇರು ಹಿಡಿದಿದ್ದೀರಿ. ಸೂರ್ಯ 'ಸೆಟ್' ಆಗೋದೂ ಅದೇ ಬೇರಿನದು, ಇಳಿದು ಕೂರೋದು. ನಮ್ಮ ಸೂರ್ಯ ಕೂರಲ್ಲ, ಮಲಗುತ್ತಾನೆ. 'ಪಡು' ಅಂದರೆ ಹಳಗನ್ನಡದಲ್ಲಿ ಮಲಗು, ಮುಳುಗು. ಅವನು ಪಡುವ ದಿಕ್ಕು ಪಡುವಣ, ಮೂಡುವ ದಿಕ್ಕು ಮೂಡಣ.

ಧಾರವಾಡ ಪೇಡಾ

ಕೂರಿಸು ಪಕ್ಷಕ್ಕೆ ನನ್ನ ಓಟಿಲ್ಲ. 'ಇಡು' ಅನ್ನಿ. ಕಾಲಿಡು, ಬೆಂಕಿ ಇಡು, ಮನಸ್ಸಿಡು, ಹೆಜ್ಜೆ ಇಡು, ಅಲಾರಂ ಇಡು. ಮೂರು ನಾಲ್ಕಕ್ಕೆ ಇಂಗ್ಲಿಷಿನಲ್ಲಿ ಸೀದಾ ಸೆಟ್ಟೇ ಬರುತ್ತದೆ ನೋಡಿ. ಊರಿಗೆ ಕಾಲಿಡೋದು, ಮನೆಗೆ ಬೆಂಕಿ ಇಡೋದು ಎರಡಕ್ಕೂ.

ಆದರೆ ಇಡುವುದು ಎಲ್ಲ ಕಡೆ ನಡೆಯಲ್ಲ. ಬಲೆ ಒಡ್ಡಬೇಕು. ಬೆಲೆ ಕಟ್ಟಬೇಕು. ಮದುವೆ ದಿನ ಗೊತ್ತು ಮಾಡಬೇಕು. ಪ್ರಶ್ನೆಪತ್ರಿಕೆ ತೆಗೆಯಬೇಕು. ಹಾಡಿಗೆ ರಾಗ ಹಾಕಬೇಕು. ಊಟಕ್ಕೆ ಎಲೆ ಹಾಕಬೇಕು. ಮಳೆ ಹಿಡಿಯಬೇಕು. ಇಷ್ಟಕ್ಕೂ ಅವರದು ಒಂದೇ ಪದ. ಬಡತನ ಯಾರದು ಹೇಳಿ!

ಮಲ್ಲೇಶ್ವರದವನು

ಬಡತನ ಅಂತ ನಗಬೇಡಿ. 'ಹೊಡೆ' ನೋಡಿ. ಮೊಳೆ ಹೊಡೆ, ಬಣ್ಣ ಹೊಡೆ, ಗಾಳಿ ಹೊಡೆ, ಸೀಟಿ ಹೊಡೆ, ಗೊರಕೆ ಹೊಡೆ, ಕಣ್ಣು ಹೊಡೆ, ಈಜು ಹೊಡೆ, ಹರಟೆ ಹೊಡೆ, ಕಾಪಿ ಹೊಡೆ, ಪೋಸು ಹೊಡೆ. ದುಡ್ಡು ಹೊಡೆದರೆ ಕಳ್ಳ, ಲಾಟರಿ ಹೊಡೆದರೆ ಅದೃಷ್ಟವಂತ. ಮೀನು ವಾಸನೆ ಹೊಡೆಯುತ್ತದೆ. ಇದರಲ್ಲಿ ಯಾರಿಗೂ ಪೆಟ್ಟು ಬೀಳಲ್ಲ, ಮೊಳೆಗೆ ಬಿಟ್ಟು.

ಭತ್ತದ ಗದ್ದೆ

ಭತ್ತ ತೆನೆ ಬಿಡುವ ಮೊದಲು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಲ್ಲ, ಅದಕ್ಕೂ 'ಹೊಡೆ' ಅಂತೀವಿ. 'ಗದ್ದೆ ಹೊಡೆಗೆ ಬಂದಿದೆ'. ಅದು ಬೇರೆಯೇ ಪದ ಇರಬೇಕು, ಆದರೆ ಪಟ್ಟಿಗೆ ಸೇರಿಸಿಕೊಳ್ಳಿ.

ಕಾಫಿತೋಟ

ಹೊಲ ಗದ್ದೆ ಅಂದಿದ್ದಕ್ಕೆ ನೆನಪಾಯಿತು. ನಮ್ಮ ಕಡೆ ಸೆಟ್ ಅಂದರೆ ವರ್ಷದ ಜೀವನ.

ಬೇಸಿಗೆಯಲ್ಲಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಒಂದು ಹೂಮಳೆ ಬೀಳಬೇಕು. ಬಿದ್ದು ಒಂದು ವಾರ, ಹತ್ತು ದಿನಕ್ಕೆ ರೋಬಸ್ಟಾ ಕಾಫಿ ತೋಟ ಪೂರ್ತಿ ಬೆಳ್ಳಗಾಗುತ್ತದೆ, ಮಲ್ಲಿಗೆ ವಾಸನೆ. ಪೇಟೆಯಿಂದ ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಮಗೆ ಭಯ ಶುರುವಾಗೋದು ಆಗಲೇ. ಹೂವು ಬಂದರೆ ಸಾಲದು, ಸೆಟ್ ಆಗಬೇಕು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟಿಕೊಳ್ಳುತ್ತದೆ. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಜೇನೋ ಗಾಳಿಯೋ ತಂದುಕೊಡಬೇಕು. ಹೂ ಅರಳಿದ ದಿನವೇ ಜೋರು ಮಳೆ ಹೊಡೆದರೆ ಕಥೆ ಮುಗೀತು. ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂಮಳೆಯ ಬೆನ್ನಿಗೆ ಇನ್ನೊಂದು ಮಳೆ ಬೇಕು, ಅದು ಬರದಿದ್ದರೆ ಕಚ್ಚಿದ ಕಾಯಿಯೂ ಒಣಗುತ್ತದೆ.

ಇದಕ್ಕೆ ನಮ್ಮ ಹಿರಿಯರು ಹೇಳುತ್ತಿದ್ದದ್ದು 'ಕಾಯಿ ಕಚ್ಚೋದು'. 'ಈ ಸಲ ಹೂವೇನೋ ಆಯ್ತು, ಕಾಯಿ ಕಚ್ಚಲಿಲ್ಲ'. ಮಾವು, ಹಲಸು ಎಲ್ಲದಕ್ಕೂ ಇದೇ ಮಾತು. ಈಗ ಔಷಧಿ ಅಂಗಡಿಗೆ ಹೋದರೆ 'ಸೆಟ್ಟಿಂಗ್‌ಗೆ ಏನಾದರೂ ಕೊಡಿ' ಅಂತ ಕೇಳುತ್ತೇವೆ. ಕಚ್ಚು ಅನ್ನೋ ಪದದಲ್ಲಿ ಪುಟ್ಟ ಕಾಯಿ ತೊಟ್ಟನ್ನು ಹಿಡಿದುಕೊಂಡಿರೋದು ಕಾಣುತ್ತೆ. ಸೆಟ್ಟಿಂಗ್‌ನಲ್ಲಿ ಏನೂ ಕಾಣಲ್ಲ.

ಬೆಲ್ಲದ ಗಾಣ

ಮಂಡ್ಯದ್ದೂ ಒಂದು ಸೇರಿಸಿ. ಕಬ್ಬಿನ ಬೀಜ ಹಾಕಲ್ಲ, ತುಂಡು ನೆಡುತ್ತೇವೆ. ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು. ಕೃಷಿ ಇಲಾಖೆಯ ಇಂಗ್ಲಿಷ್ ಕಾಗದದಲ್ಲಿ ಅದು 'ಸೆಟ್', ಕೊನೆಗೆ 'ಟಿ' ಎರಡು. ಅದೂ ಇದೇ ಪದವೇ?

ಹಳೇ ನಿಘಂಟು

ಅದೇ ಪದ, ಕಾಗುಣಿತ ಮಾತ್ರ ಬೇರೆ. ನೆಲದಲ್ಲಿ ನೆಡುವುದು, ಅಂದರೆ ಕೂರಿಸುವುದು. ಇಂಗ್ಲೆಂಡಿನ ಬ್ಯಾಜರ್ ಅನ್ನೋ ಪ್ರಾಣಿಯ ಬಿಲಕ್ಕೂ, ಬೀದಿಗೆ ಹಾಸುವ ಚೌಕದ ಗ್ರಾನೈಟ್ ಕಲ್ಲಿಗೂ ಎರಡು 'ಟಿ' ಹಾಕಿಯೇ ಬರೆಯುತ್ತಾರೆ.

ಗಣಿತದ ಮೇಷ್ಟ್ರು

ಶಾಲೆಯಲ್ಲಿ ನಾವು ಸೆಟ್‌ಗೆ 'ಗಣ' ಅಂತ ಪಾಠ ಮಾಡುತ್ತೇವೆ. ಉಪಗಣ, ಶೂನ್ಯ ಗಣ, ಗಣಗಳ ಸಂಯೋಗ, ಛೇದನ. ಪಕ್ಕದ ತರಗತಿಯಲ್ಲಿ ಕನ್ನಡ ಮೇಷ್ಟ್ರು ಮಾತ್ರಾಗಣ, ಅಕ್ಷರಗಣ ಅಂತ ಪ್ರಸ್ತಾರ ಹಾಕಿಸುತ್ತಿರುತ್ತಾರೆ. 'ಸಾರ್, ಇವತ್ತು ಯಾವ ಗಣ?' ಅಂತ ಹುಡುಗರು ಕೇಳುತ್ತಾರೆ. ಅಂದರೆ ಇಂಗ್ಲಿಷಿನ ಗೊಂದಲ ಬಿಟ್ಟು ನಮ್ಮ ಗೊಂದಲಕ್ಕೆ ಬಂದೆವು.

ಈ ವಿಚಾರ ಶುರು ಮಾಡಿದ ಗೆಯಾರ್ಗ್ ಕ್ಯಾಂಟರ್ ಜರ್ಮನ್ನಿನಲ್ಲಿ ಬಳಸಿದ್ದು 'ಮೆಂಗೆ' ಅನ್ನೋ ಪದ, ಒಂದಷ್ಟು ಅನ್ನೋ ಅರ್ಥದ್ದು. ಫ್ರೆಂಚರು 'ಆನ್‌ಸಾಂಬ್ಲ್' ಅಂದರು. ಇಂಗ್ಲಿಷಿನವರು, ಮೊದಲೇ ನೂರಾರು ಅರ್ಥ ಹೊತ್ತಿದ್ದ ಸೆಟ್‌ನ ತಲೆ ಮೇಲೆ ಇದನ್ನೂ ಇಟ್ಟರು.

ತಿಂಡಿಪೋತರಿಗೆ ಒಂದು ಮಾತು. ಗಣಿತದ ಗಣದಲ್ಲಿ ಒಂದೇ ಅಂಶವನ್ನು ಎರಡು ಸಲ ಎಣಿಸುವಂತಿಲ್ಲ. ಮೂರು ದೋಸೆಯೂ ಪಡಿಯಚ್ಚಿನಂತೆ ಒಂದೇ ಅಂತ ಭಟ್ಟರು ವಾದಿಸಿದರೆ ನಿಮ್ಮ ತಟ್ಟೆಗೆ ಬರೋದು ಒಂದೇ ದೋಸೆ. ಅದು ಏಕಾಂಶ ಗಣ.

ತಿಂಡಿಪೋತ

ಅಂಥ ಹೋಟೆಲಿಗೆ ನಾನು ಹೋಗಲ್ಲ. ಆದರೂ ಕೇಳುತ್ತೇನೆ, ಸೆಟ್ ದೋಸೆಯಲ್ಲಿ ಯಾರನ್ನು ಎಲ್ಲಿ ಕೂರಿಸಿದ್ದಾರೆ? ಕೂರಿಸು ಪಕ್ಷದವರು ಉತ್ತರ ಕೊಡಿ.

ಹಳೇ ನಿಘಂಟು

ಇಲ್ಲಿ ಕೂರಿಸು ಪಕ್ಷ ಸೋಲಬೇಕಾದ್ದೇ. ಗುಂಪು ಅನ್ನೋ ಅರ್ಥದ ಸೆಟ್ ಹುಟ್ಟಿನಿಂದಲೇ ಬೇರೆ ಪದ. ಅದು ಹಳೆಯ ಫ್ರೆಂಚಿನ 'ಸೆಟ್ಟೆ'ಯಿಂದ ಬಂತು, ಅದು ಲ್ಯಾಟಿನ್ನಿನ 'ಸೆಕ್ಟಾ'ದಿಂದ. ಹಿಂಬಾಲಿಸುವವರ ಕೂಟ ಅಂತ ಅರ್ಥ. ಪಂಥ ಅನ್ನೋ ಅರ್ಥದ 'ಸೆಕ್ಟ್' ಕೂಡ ಅಲ್ಲಿಂದಲೇ ಬಂದದ್ದು. ಇಂಗ್ಲಿಷಿಗೆ ಬಂದ ಮೇಲೆ ಎರಡೂ ಒಂದೇ ಥರ ಕೇಳಿಸಿ, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿತು. ಅದಕ್ಕೇ ಈಗ ಯಾವ ಅರ್ಥ ಯಾರ ಮನೆಯದು ಅಂತ ಕೆಲವು ಕಡೆ ಬಿಡಿಸಲು ಕಷ್ಟ.

ಹಿಂಬಾಲಿಸು ಅನ್ನುವ ಆ ಲ್ಯಾಟಿನ್ ಧಾತುವಿಗೆ ಸಂಸ್ಕೃತದಲ್ಲಿ 'ಸಚ್' ಅಂತ ಒಡಹುಟ್ಟು ಇದೆ, ಜೊತೆಗಿರು ಅಂತ ಅರ್ಥ. ನಮ್ಮ 'ಸಚಿವ' ಬಂದದ್ದು ಅದರಿಂದ. ಜೊತೆಗಿರುವವನು.

ತಿಂಡಿಪೋತ

ಸೆಟ್ ದೋಸೆಯೂ ಸಚಿವರೂ ನೆಂಟರು! ಸಂಪುಟ ವಿಸ್ತರಣೆಗೂ ಮೂರ್ಮೂರೇ ಬಡಿಸಿದರೆ ಚೆನ್ನಾಗಿರುತ್ತೆ.

ಕರಿಕೋಟು

ನಗುವಿನ ಮಧ್ಯೆ ಒಂದು ಗಂಭೀರ ವಿಷಯ. ನಮ್ಮ ವೃತ್ತಿಯಲ್ಲಿ ಈ ಪದದ ಅನುವಾದ ತಪ್ಪಿದರೆ ಕಕ್ಷಿದಾರನ ಜೀವ ಬಾಯಿಗೆ ಬರುತ್ತದೆ.

'ಸೆಟ್ ಅಸೈಡ್' ಅಂದರೆ ಮನೆಮಾತಿನಲ್ಲಿ ಬದಿಗಿಡು, ತೆಗೆದಿಡು. ಮಗಳ ಮದುವೆಗೆ ಹಣ ಸೆಟ್ ಅಸೈಡ್ ಮಾಡೋದು. ಕೋರ್ಟಿನಲ್ಲಿ ಹಾಗಲ್ಲ. ಮೇಲಿನ ನ್ಯಾಯಾಲಯ ಕೆಳಗಿನ ತೀರ್ಪನ್ನು ಸೆಟ್ ಅಸೈಡ್ ಮಾಡಿತು ಅಂದರೆ ರದ್ದು ಮಾಡಿತು ಅಂತ. ಆ ತೀರ್ಪು ಇನ್ನು ಇಲ್ಲ. ಎಷ್ಟೋ ಕಡೆ 'ತೀರ್ಪನ್ನು ಬದಿಗಿರಿಸಿದೆ' ಅಂತ ಅಚ್ಚಾಗಿರುವುದನ್ನು ಓದಿದ್ದೇನೆ. ಓದಿದವರಿಗೆ ಏನನಿಸುತ್ತೆ? ಎಲ್ಲೋ ಕಪಾಟಿನಲ್ಲಿ ಇಟ್ಟಿದ್ದಾರೆ, ನಾಳೆ ತೆಗೆದು ನೋಡುತ್ತಾರೆ ಅನಿಸುತ್ತೆ. ಸಿವಿಲ್ ಪ್ರಕರಣದಲ್ಲಿ ಒಬ್ಬರು ಹಾಜರಾಗದೆ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಅದನ್ನು ತೆಗೆಸಲು ಹಾಕುವ ಅರ್ಜಿಯೂ ಸೆಟ್ ಅಸೈಡ್ ಅರ್ಜಿಯೇ. 1996ರ ಮಧ್ಯಸ್ಥಿಕೆ ಕಾಯ್ದೆಯ 34ನೇ ಕಲಮೂ ಅದೇ.

'ಸೆಟ್ ಆಫ್' ಇನ್ನೊಂದು. ಬೀದಿಯಲ್ಲಿ ಅದಕ್ಕೆ ಹೊರಡು ಅಂತಲೋ ಪಟಾಕಿ ಹಚ್ಚು ಅಂತಲೋ ಅರ್ಥ. ತೆರಿಗೆಯವರಿಗೆ ಲಾಭದಲ್ಲಿ ನಷ್ಟ ವಜಾ ಮಾಡೋದು. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಂನಲ್ಲಿ, ವಿಚಾರಣೆ ಕಾಲದಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯೋದು. ಒಬ್ಬ ಮನುಷ್ಯ ಮನೆಗೆ ಯಾವಾಗ ಹೋಗುತ್ತಾನೆ ಅನ್ನೋದು ಆ ಎರಡು ಪದದ ಮೇಲೆ ನಿಂತಿರುತ್ತದೆ.

ಪದಕೂಲಿ ಅವರೇ, ನಿಮ್ಮ ಆ್ಯಪ್ ಕಾನೂನಿನದ್ದಲ್ಲ ತಾನೇ?

ಪದಕೂಲಿ

ಅಲ್ಲ ಅಲ್ಲ. ಆರೋಗ್ಯ, ವ್ಯಾಯಾಮಕ್ಕೆ ಸಂಬಂಧಪಟ್ಟದ್ದು. ಇನ್ನೂ ಉತ್ತರಕ್ಕೆ ಕಾಯುತ್ತಿದ್ದೇನೆ.

ಅಚ್ಚುಮೊಳೆ

ನಾನು ಹಿಂದೆ ಅಚ್ಚುಕೂಟದಲ್ಲಿದ್ದೆ. ನಮ್ಮಲ್ಲಿ 'ಟೈಪ್ ಸೆಟ್' ಅಂದರೆ ಅಚ್ಚಿನ ಅಕ್ಷರದ ಮೊಳೆ ಜೋಡಿಸೋದು. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು, ಬಲಗೈ ಮೊಳೆಗಳ ಖಾನೆಗಳಿರುವ ಕೇಸಿನ ಮೇಲೆ. ಅಕ್ಷರ ತಲೆಕೆಳಗು, ಕನ್ನಡಿಯಲ್ಲಿ ನೋಡಿದ ಹಾಗೆ. ಇಂಗ್ಲಿಷ್ ಕೇಸು ಸುಲಭ. ಕನ್ನಡಕ್ಕೆ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಮೊಳೆ, ಕೈ ಓಡಾಡಬೇಕಾದ ಜಾಗವೇ ಜಾಸ್ತಿ. ಒಂದು ಮೊಳೆಯ ಅಗಲಕ್ಕೂ ಇಂಗ್ಲಿಷಿನಲ್ಲಿ 'ಸೆಟ್' ಅಂತಲೇ ಹೆಸರು. ಅಂದರೆ ಮೊಳೆಗೂ ಸೆಟ್, ಅದನ್ನು ಜೋಡಿಸೋದಕ್ಕೂ ಸೆಟ್.

ಧಾರವಾಡ ಪೇಡಾ

ಬಡಿಗೇರರ ಗರಗಸಕ್ಕೂ ಇದೆ. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಚೂರು ಬಗ್ಗಿಸಿರುತ್ತಾರೆ. ಆಗ ಸೀಳು ಗರಗಸಕ್ಕಿಂತ ಸ್ವಲ್ಪ ಅಗಲವಾಗಿ, ಬ್ಲೇಡು ಸಿಕ್ಕಿಹಾಕಿಕೊಳ್ಳಲ್ಲ. ಆ ಬಾಗಿಗೆ ಹೆಸರು ಸೆಟ್.

ಗಾಂಧಿನಗರ ಗಾಸಿಪ್

ಯಾರೂ ಸಿನಿಮಾ ಎತ್ತಲೇ ಇಲ್ಲವಲ್ಲ! 'ಸೆಟ್ಟೇರು' ಅನ್ನೋದು ಎಂಥ ಪದ ನೋಡಿ. 'ಹೊಸ ಸಿನಿಮಾ ಮುಂದಿನ ತಿಂಗಳು ಸೆಟ್ಟೇರಲಿದೆ'. ಸೆಟ್ ಇಂಗ್ಲಿಷಿಂದು, ಏರು ನಮ್ಮದು. ತೇರು ಏರಿದ ಹಾಗೆ, ಹಸೆ ಏರಿದ ಹಾಗೆ. ಇಂಗ್ಲಿಷ್ ಸಿನಿಮಾ ಪುಟದಲ್ಲಿ ಇದಕ್ಕೆ 'ಫ್ಲೋರ್‌ಗೆ ಹೋಯಿತು' ಅಂತ ಬರೆಯುತ್ತಾರೆ. ಅದರಲ್ಲಿ ಈ ಗತ್ತು ಎಲ್ಲಿದೆ? ಪೂರ್ತಿ ಸಿನಿಮಾ ಕೊಡಗಿನ ಕಾಡಲ್ಲಿ ತೆಗೆದು, ಒಂದು ತಗಡೂ ನಿಲ್ಲಿಸದಿದ್ದರೂ ಅದು ಸೆಟ್ಟೇರಿದ್ದೇ. ಸೆಟ್ ಹೋಯಿತು, ಏರೋದು ಉಳಿಯಿತು.

ಆಡುಮಾತಲ್ಲಿ ಕೇಳಬೇಕೇ? 'ಅವರಿಬ್ಬರಿಗೂ ಸೆಟ್ ಆಗಿದೆ' ಅಂದರೆ ಪ್ರೀತಿ. 'ನಂಗೆ ಈ ಕೆಲಸ ಸೆಟ್ ಆಗಲ್ಲ' ಅಂದರೆ ಒಗ್ಗಲ್ಲ. 'ಒಳಗಡೆ ಸೆಟ್ಟಿಂಗ್ ಇದೆ' ಅಂದರೆ ಮೊದಲೇ ಮಾತಾಡಿಕೊಂಡಿದ್ದಾರೆ, ನೀನು ಸುಮ್ನೆ ಅರ್ಜಿ ಹಾಕಬೇಡ ಅಂತ. ಇದರಲ್ಲಿ ಒಂದೂ ಆಕ್ಸ್‌ಫರ್ಡ್‌ನವರ ಲೆಕ್ಕಕ್ಕೆ ಸೇರಿರಲಾರದು.

ಕೋಡ್ ಕುಟ್ಟುವವ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಪದಕೂಲಿ ಅವರ ಸಮಸ್ಯೆಗೆ ನಿಘಂಟಿನಲ್ಲಿ ಮದ್ದಿಲ್ಲ. ತಪ್ಪು ಆ ಪಟ್ಟಿ ಮಾಡಿದವರದ್ದು. ಇಂಗ್ಲಿಷಿನಲ್ಲಿ ಪ್ರೋಗ್ರಾಂ ಬರೆಯುವವರು ಒಂದೇ ಪದ ನಾಲ್ಕು ಕಡೆ ಬಂದರೆ ಒಂದೇ ಸಾಲು ಮಾಡಿ ನಾಲ್ಕೂ ಕಡೆ ಜೋಡಿಸಿಬಿಡುತ್ತಾರೆ. ಅಚ್ಚುಕಟ್ಟಾಗಿದೆ ಅಂತ ಅವರಿಗೆ ಖುಷಿ. ಬೇರೆ ಭಾಷೆಗೆ ಹೋದಾಗ ಆ ನಾಲ್ಕೂ ನಾಲ್ಕು ಪದ ಆಗುತ್ತವೆ ಅನ್ನೋದು ಹೊಳೆಯಲ್ಲ. ಅನುವಾದದ ಫೈಲುಗಳಲ್ಲಿ ಪ್ರತಿ ಸಾಲಿಗೂ 'ಇದು ಎಲ್ಲಿ ಬರುತ್ತೆ' ಅಂತ ಟಿಪ್ಪಣಿ ಬರೆಯಲು ಜಾಗ ಇದ್ದೇ ಇದೆ. ಯಾರೂ ತುಂಬಲ್ಲ, ಅಷ್ಟೇ.

ಅವರಿಗೆ ಹೀಗೆ ಕೇಳಿ: ಈ ಪದ ಯಾವ ಯಾವ ಪರದೆಯಲ್ಲಿ ಬರುತ್ತೆ, ಸ್ಕ್ರೀನ್‌ಶಾಟ್ ಕಳಿಸಿ. ಅರ್ಥ ಏನು ಅಂತ ಕೇಳಬೇಡಿ. ಕೇಳಿದರೆ 'ಸೆಟ್ ಅಂದರೆ ಸೆಟ್' ಅಂತಾರೆ.

ಪದಕೂಲಿ

ಹಾಗೇ ಕೇಳಿದೆ, ಉತ್ತರ ಬಂತು! ಒಂದೇ ಸಾಲು, ಬಳಕೆ ಮೂರು ಕಡೆ.

ಒಂದು, ನೀರು ಕುಡಿಯಲು ನೆನಪಿಸುವ ಅಲಾರಂ ಕೆಳಗಿನ ಗುಂಡಿ. ಎರಡು, ವ್ಯಾಯಾಮದ ಪರದೆಯಲ್ಲಿ 'ಸೆಟ್ 2/3', ಅಂದರೆ ಮೂರರಲ್ಲಿ ಎರಡನೆಯದು. ಮೂರು, ದಿನದ ಗುರಿ ಆರಿಸಿದ ಮೇಲೆ ಬರುವ ಸಂದೇಶ. ಮೂರನ್ನೂ ಬೇರೆ ಬೇರೆ ಸಾಲು ಮಾಡಿಕೊಡುತ್ತಾರಂತೆ. 'ಹೊಂದಿಸು' ಅಂತ ಹಾಕಿದ್ದಿದ್ದರೆ ಬಸ್ಕಿ ಹೊಡೆಯುವವನ ಮುಂದೆ 'ಹೊಂದಿಸು 2/3' ಅಂತ ಬರುತ್ತಿತ್ತು.

ಗೊಂಬೆಮನೆ

ಮೊದಲನೆಯದಕ್ಕೆ ಅಲಾರಂ ಕೂರಿಸು ಅಂತ ಯಾರೂ ಅನ್ನಲ್ಲ, ಒಪ್ಪಿದೆ. 'ಇಡು'.

ಧಾರವಾಡ ಪೇಡಾ

ಗೆದ್ದೆವು.

ಗರಡಿ ಪೈಲ್ವಾನ

ಎರಡನೆಯದಕ್ಕೆ 'ಸುತ್ತು' ಹಾಕಿ. ಗರಡಿಯಲ್ಲಿ ಬಸ್ಕಿ, ದಂಡ ಎಲ್ಲ ಹಾಗೇ ಎಣಿಸಬಹುದು. ಎರಡನೇ ಸುತ್ತು ಅಂದರೆ ಯಾರಿಗೂ ತಿಳಿಯುತ್ತೆ.

ಕೋಡ್ ಕುಟ್ಟುವವ

ಜಿಮ್ಮಿಗೆ ಹೋಗುವವರು ಸೆಟ್ ಅಂತಲೇ ಹೇಳೋದು. ಅದರ ಜೊತೆಗೆ 'ರೌಂಡ್' ಅಂತ ಬೇರೆಯದೂ ಇರುತ್ತೆ: ನಾಲ್ಕು ವ್ಯಾಯಾಮ ಸಾಲಾಗಿ ಮುಗಿಸಿದರೆ ಒಂದು ರೌಂಡ್. ಸುತ್ತು ಅಲ್ಲಿಗೆ ಬೇಕಾಗುತ್ತೆ. ಇಲ್ಲಿ 'ಸೆಟ್' ಇರಲಿ.

ತಾಯ್ನುಡಿ ಮೊದಲು

ಸೆಟೆ!

ಪದಕೂಲಿ

ಮೂರನೆಯದಕ್ಕೆ 'ಗುರಿ ನಿಗದಿಯಾಗಿದೆ' ಸರ್ಕಾರಿ ಕಾಗದದ ಥರ ಕೇಳುತ್ತೆ. 'ಗುರಿ ಇಟ್ಟಾಯ್ತು' ಅಂತ ಹಾಕುತ್ತೇನೆ. ಎರಡನೆಯದು 'ಸೆಟ್ 2/3'. ಮೊದಲನೆಯದು 'ಇಡು'.

ಮಲ್ಲೇಶ್ವರದವನು

ಏಕವಚನ ಯಾಕೆ? ಬೇರೆ ಎಲ್ಲ ಗುಂಡಿಗಳಲ್ಲಿ 'ಉಳಿಸಿ', 'ಅಳಿಸಿ', 'ಕಳುಹಿಸಿ' ಅಂತ ಮರ್ಯಾದೆಯಾಗಿ ಇದೆ. ನಮ್ಮಮ್ಮನ ಫೋನಿನಲ್ಲಿ 'ಇಡು' ಅಂತ ಬಂದರೆ 'ಯಾರೋ ಇದು, ನನಗೆ ಹೇಳೋಕೆ' ಅಂತಾರೆ. 'ಇಡಿ' ಅಂತ ಮಾಡಿ.

ಕರಿಕೋಟು

ಬರೀ 'ಇಡಿ' ಅಂತ ಗುಂಡಿ ಮೇಲೆ ಬರೆದು ನೋಡಿ. ದಿನಾ ಪತ್ರಿಕೆ ಓದುವವರು ಅದನ್ನು ಹೇಗೆ ಓದುತ್ತಾರೆ? 'ಉದ್ಯಮಿ ಮನೆ ಮೇಲೆ ಇಡಿ ದಾಳಿ'. ನೀರು ಕುಡಿಯಲು ನೆನಪಿಸುವ ಆ್ಯಪ್‌ನಲ್ಲಿ ಜಾರಿ ನಿರ್ದೇಶನಾಲಯಕ್ಕೆ ಏನು ಕೆಲಸ?

ಹಳೇ ನಿಘಂಟು

ಗಡಿಬಿಡಿಯಲ್ಲಿ ಓದಿದರೆ 'ಇಡೀ' ಅಂತಲೂ ಆಗುತ್ತದೆ. ಇಡೀ ದಿನ, ಇಡೀ ರಾತ್ರಿ.

ಪದಕೂಲಿ

ಸರಿ, 'ಅಲಾರಂ ಇಡಿ' ಅಂತ ಪೂರ್ತಿ ಬರೆದು ಕಳಿಸಿದ್ದೇನೆ. ಇಂಗ್ಲಿಷಿನ ಮೂರು ಅಕ್ಷರಕ್ಕೆ ಅಳತೆ ಮಾಡಿದ ಗುಂಡಿಯಲ್ಲಿ ಅದು ಹಿಡಿಸುತ್ತಿಲ್ಲ, 'ಅಲಾ...' ಅಂತ ತುಂಡಾಗಿ ಕಾಣುತ್ತಿದೆ ಅಂತ ಈಗಷ್ಟೇ ಮೇಲ್ ಬಂತು. ಗುಂಡಿ ಅಗಲ ಮಾಡಿ ಅಂದಿದ್ದೇನೆ. ತಮಿಳು ಮಾಡುತ್ತಿರುವವರೂ ಅದನ್ನೇ ಕೇಳಿದ್ದಾರಂತೆ, ಹಾಗಾಗಿ ಮಾಡಬಹುದು.